ಬಳಪದ ಕಲ್ಲಿನ ಒಪ್ಪ

ಕನ್ನಡನಾಡಿನ ದೇವಾಲಯಗಳ ಚರಿತ್ರೆಯನ್ನು ಬರೆದವರು ಅರಸರ ದಾನಗಳನ್ನೂ ಶಿಲ್ಪಿಗಳ ಕೌಶಲವನ್ನೂ ಯಥೇಷ್ಟವಾಗಿ ವರ್ಣಿಸಿರುವರು. ಆದರೆ ಆ ಕೌಶಲಕ್ಕೆ ಆಸರೆಯಾದ ಕಲ್ಲಿನ ವಿಷಯವಾಗಿ ಒಂದೆರಡು ಮಾತುಗಳನ್ನು ಹೇಳಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಹೇಳಿದಾಗಲಾದರೂ ‘ಕಲ್ಲು ಮೃದುವಾಗಿತ್ತು, ಆದುದರಿಂದ ಕೆತ್ತನೆಯು ಸುಲಭವಾಯಿತು’ ಎಂಬ ಒಂದೇ ವಾಕ್ಯದಲ್ಲಿ ಆ ಪ್ರಕರಣವು ಮುಗಿದುಹೋಗುತ್ತದೆ. ಈ ವಾಕ್ಯದಲ್ಲಿರುವುದು ಅರ್ಧ ಸತ್ಯವು. ಮೃದುವಾದ ಕಲ್ಲನ್ನು ಕಡಿಯುವುದು ಸುಲಭವೆಂಬುದು ದಿಟ. ಅದಕ್ಕೆ ಒಪ್ಪವಿಡುವುದು ಸುಲಭವೆಂಬುದು ದಿಟವಲ್ಲ. ಧಾರವಾಡದ ಸೀಮೆಯ ಗುಡಿಗಳಲ್ಲಿ ಒಂಬತ್ತು ಶತಮಾನಗಳ ತರುವಾಯವೂ ಮಿನುಗುತ್ತಿರುವ ಕಂಬಗಳ ಮುಂದೆ ನಿಂತವರು, ಆ ಮಿನುಗು ಕಲ್ಲಿನ ಪುಣ್ಯವೋ ಕೈಯ ಪುಣ್ಯವೋ ಎಂಬುದನ್ನು ಒಮ್ಮೆಯಾದರೂ ವಿಚಾರಿಸುವುದು ಯುಕ್ತವಾಗಿದೆ.

ಆ ಕಲ್ಲು ವಾಚಕರಿಗೆ ಅಪರಿಚಿತವಾದುದೇನೂ ಅಲ್ಲ. ಅಕ್ಷರಾಭ್ಯಾಸದ ದಿನ ಮಗುವಿನ ಕೈಗೆ ಕೊಡುತ್ತಿದ್ದ ಬಳಪವು ಇದೇ ಕುಲದ ಒಂದು ಚೂರು. ಜನರು ಒಟ್ಟಾಗಿ ಬಳಪದ ಕಲ್ಲೆಂದು ಕರೆಯುವ ಈ ಜಾತಿಯಲ್ಲಿ ಎರಡು ಬಗೆಗಳುಂಟು. ಟಾಲ್ಕ್ ಎಂಬ ಖನಿಜವು ಹೆಚ್ಚಾಗಿರುವುದು ಬಿಳಿಯಾಗಿಯೋ ಬೂದಿಯ ಬಣ್ಣದ್ದಾಗಿಯೋ ಇದ್ದು, ಮುಟ್ಟಿದರೆ ಸಾಬೂನಿನಂತೆ ಬೆರಳಿಗೆ ಜಾರುತ್ತದೆ. ಕ್ಲೋರೈಟ್ ಎಂಬ ಖನಿಜವು ಹೆಚ್ಚಾಗಿರುವುದು ಹಸುರು ಬೆರೆತ ಕಪ್ಪುಬಣ್ಣದ್ದು, ಮೊದಲನೆಯದಕ್ಕಿಂತ ತುಸು ಗಟ್ಟಿಯಾದುದು. ಗುಡಿಗಳಿಗೆ ಬಂದುದು ಬಹುಮಟ್ಟಿಗೆ ಈ ಎರಡನೆಯದು. ಕಲ್ಲುಗಳ ಗಡಸುತನವನ್ನು ಅಳೆಯಲು ಜರ್ಮನ್ ವಿದ್ವಾಂಸನಾದ ಫ್ರೀಡ್ರಿಕ್ ಮೋಸನು 1812ರಲ್ಲಿ ಒಂದರಿಂದ ಹತ್ತರ ವರೆಗಿನ ಒಂದು ಕ್ರಮವನ್ನು ಏರ್ಪಡಿಸಿದನು. ಅದರಲ್ಲಿ ಟಾಲ್ಕ್ ಮೊದಲನೆಯ ಮೆಟ್ಟಿಲು, ವಜ್ರವು ಹತ್ತನೆಯದು. ಕ್ಲೋರೈಟಿಗೆ ಎರಡು ಅಥವಾ ಎರಡೂವರೆ. ಮನುಷ್ಯನ ಉಗುರಿಗೂ ಸುಮಾರು ಅಷ್ಟೇ. ಗ್ರಾನೈಟಿನಲ್ಲಿರುವ ಖನಿಜಗಳಾದರೋ ಆರು, ಏಳರ ಮೇಲೆ ನಿಲ್ಲುತ್ತವೆ. ಎಂದರೆ, ಉಗುರಿನಿಂದ ಗೀರಿದರೆ ಗೀರು ಬೀಳಬಹುದಾದಂತಹ ಕಲ್ಲಿನಲ್ಲಿ ನಮ್ಮ ಹಿರಿಯರು ದೇವರಿಗೆ ಮನೆಯನ್ನು ಕಟ್ಟಿದರು.

ಈ ಕಲ್ಲಿನ ವಂಶವು ಬಹು ಪುರಾತನವಾದುದು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣದ ಪ್ರಾಚೀನ ಪದರುಶಿಲೆಗಳನ್ನು ಪರಿಶೀಲಿಸಿ, ಅವುಗಳ ಸಮುದಾಯಕ್ಕೆ ಧಾರವಾಡದ ಹೆಸರನ್ನೇ ಇಟ್ಟನು. ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಹಿಂದಿನವುಗಳೆಂದು ಈಗ ಎಣಿಸಲಾಗಿರುವ ಈ ಶಿಲೆಗಳ ನಡುನಡುವೆಯೇ ಬಳಪದ ಕಲ್ಲಿನ ಪದರುಗಳು ದೊರೆಯುತ್ತವೆ. ಧಾರವಾಡವು ಪೇಢೆಯಿಂದಲೂ ಸಂಗೀತದಿಂದಲೂ ಮಾತ್ರ ಪ್ರಖ್ಯಾತವಾಯಿತೆಂದು ನಂಬಿದವರು, ಪರದೇಶಗಳ ವಿದ್ಯಾಪೀಠಗಳಲ್ಲಿ ಈ ಊರಿನ ಹೆಸರು ಕಲ್ಲಿನ ಮೂಲಕ ಉಚ್ಚರಿಸಲ್ಪಡುತ್ತಿರುವುದನ್ನು ಕೇಳಿ ಆಶ್ಚರ್ಯಪಡಬಹುದು.

ಆದರೆ ನಮ್ಮ ಗುಡಿಗಳು ಮೊದಲಿನಿಂದಲೂ ಈ ಕಲ್ಲಿನವುಗಳಾಗಿರಲಿಲ್ಲ. ಬಾದಾಮಿಯ ಚಾಲುಕ್ಯರು ಆರನೆಯ ಶತಮಾನದಿಂದ ಎಂಟನೆಯ ಶತಮಾನದ ವರೆಗೆ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ಕಟ್ಟಿಸಿದುದೆಲ್ಲವೂ ಮಲಪ್ರಭೆಯ ಕಣಿವೆಯ ಕೆಂಪು ಮರಳುಗಲ್ಲಿನಲ್ಲಿ. ಮರಳುಗಲ್ಲು ದೊಡ್ಡ ದೊಡ್ಡ ಬಂಡೆಗಳಾಗಿ ಒದಗುತ್ತದೆ. ಆದುದರಿಂದ ಆ ಗುಡಿಗಳ ಗೋಡೆಗಳೂ ತೊಲೆಗಳೂ ಕಂಬಗಳೂ ಭೀಮಕಾಯವಾದವು. ಅವುಗಳ ಗಾಂಭೀರ್ಯವು ಮೆಚ್ಚತಕ್ಕುದೇ ಸರಿ. ಆದರೆ ಮರಳಿನ ಕಣಗಳು ಅಂಟಿಕೊಂಡು ಆದ ಕಲ್ಲು ಎಷ್ಟು ತಿಕ್ಕಿದರೂ ಒಂದು ಮಿತಿಯನ್ನು ಮೀರಿ ನುಣುಪಾಗಲಾರದು. ಕಣವು ಕಣವಾಗಿಯೇ ಉಳಿಯುತ್ತದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ರಾಜ್ಯದ ಜೀವಾಳವು ಬೆಳುವೊಲದ ಎರೆಯ ಭೂಮಿಯತ್ತ ಸರಿಯಿತು. ಗುಡಿಗಳೂ ಅತ್ತಲೇ ನಡೆದವು. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲುಗಳ ಸುತ್ತಮುತ್ತ ದೊರೆಯುವ ಬಳಪದ ಕಲ್ಲು ಆಗ ಶಿಲ್ಪಿಗಳ ಕಣ್ಣಿಗೆ ಬಿದ್ದಿತು.

ಮೊದಲು ಯಾವ ಗುಡಿಯಲ್ಲಿ ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನು ಕೆಲವರು ಮುಂದಿಡುವರು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹಾದಿಯಲ್ಲಿರುವ ಅಣ್ಣಿಗೇರಿಯ 1050ರ ಅಮೃತೇಶ್ವರ ದೇವಾಲಯವನ್ನು ಮತ್ತೆ ಕೆಲವರು. ಅಂತೂ ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಪರಿವರ್ತನೆಯು ನಡೆದುಹೋಯಿತೆಂಬುದು ನಿಸ್ಸಂಶಯ. ಅಲ್ಲಿಂದ ಮುಂದೆ ಗೋಡೆಯ ಕಲ್ಲುಗಳು ಚಿಕ್ಕವಾದವು, ಸಾಲುಗಳು ಸಣ್ಣವಾದವು, ಹೊರಮೈಯ ಕೆಲಸವು ಅಕ್ಕಸಾಲಿಗನ ಕೆಲಸವನ್ನು ಹೋಲತೊಡಗಿತು. ಲಕ್ಕುಂಡಿಯ ಕಾಶೀವಿಶ್ವೇಶ್ವರ, ಗದಗಿನ ತ್ರಿಕೂಟೇಶ್ವರ ಮತ್ತು ಸರಸ್ವತಿಯ ಗುಡಿ, ಡಂಬಳದ ದೊಡ್ಡಬಸಪ್ಪ, ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೀಶ್ವರ ಇವೆಲ್ಲವೂ ಈ ಸಂಪ್ರದಾಯದ ಫಲಗಳೇ. 1997ರಲ್ಲಿ ಗದಗ, ಹಾವೇರಿ ಜಿಲ್ಲೆಗಳು ಪ್ರತ್ಯೇಕವಾಗುವ ತನಕ ಇವೆಲ್ಲವೂ ಒಂದೇ ಧಾರವಾಡ ಜಿಲ್ಲೆಯ ಒಡವೆಗಳಾಗಿದ್ದವು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಆ ಚಕ್ರವರ್ತಿಯ ಸಿಂಹಾಸನವೂ ಈ ಮೆತ್ತನೆಯ ಕಲ್ಲೇ.

ಇನ್ನು ಕಂಬಗಳ ವಿಚಾರ. ಈ ಗುಡಿಗಳ ನವರಂಗದ ಒಂದು ಕಂಬವನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ನೋಡುತ್ತ ಹೋದರೆ ಅದರ ರಹಸ್ಯವು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಕೆಳಗೆ ಚಚ್ಚೌಕವಾದ ಪೀಠ; ಅದು ಉಳಿಯ ಕೆಲಸ. ಅದರ ಮೇಲೆ ಬೋರಲಿಟ್ಟ ಘಂಟೆಯಂತಹ ಭಾಗ, ಅದರ ಮೇಲೆ ಬಿಗಿದ ಕುತ್ತಿಗೆ, ಕುತ್ತಿಗೆಯ ಮೇಲೆ ಕಲಶ, ಕಲಶದ ಮೇಲೆ ಚಕ್ರದಂತೆ ಅಂಚು ಚೂಪಾದ ಬಿಲ್ಲೆ, ಕೊನೆಗೆ ತೊಲೆಯನ್ನು ಹೊರುವ ಬೋದಿಗೆ. ಈ ಘಂಟೆ, ಕುತ್ತಿಗೆ, ಕಲಶ, ಬಿಲ್ಲೆಗಳಲ್ಲಿ ಎಲ್ಲಿಯೂ ವೃತ್ತವು ತಪ್ಪಿಲ್ಲ. ಕೂದಲೆಳೆಯಷ್ಟು ತೆಳ್ಳಗಿನ ಗೆರೆಗಳು ಬಳೆಗಳಂತೆ ಸುತ್ತಿಕೊಂಡು, ಹೊರಟಲ್ಲಿಗೇ ಬಂದು ಸೇರಿವೆ. ಕಣ್ಣಳತೆಯಿಂದಲೂ ಕೈಚಳಕದಿಂದಲೂ ಮಾತ್ರ ಇದು ಸಾಧ್ಯವಲ್ಲ. ಕಲ್ಲು ತಿರುಗಬೇಕು, ಉಳಿಯು ನಿಲ್ಲಬೇಕು. ಆದುದರಿಂದಲೇ ಇವುಗಳಿಗೆ ತಿರುಗಣಿಯ ಕಂಬಗಳೆಂಬ ಹೆಸರು ಬಂದಿದೆ.

ಮನುಷ್ಯನಿಗಿಂತ ಎತ್ತರವಾದ, ಮಣಗಟ್ಟಲೆ ಭಾರವಾದ ಕಲ್ಲನ್ನು ಹೇಗೆ ತಿರುಗಿಸಿದರೆಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಒರಟಾಗಿ ದುಂಡಗೆ ಮಾಡಿದ ಕಲ್ಲನ್ನು ಮೊನೆಯ ಮೇಲೆ ನೆಟ್ಟಗೆ ನಿಲ್ಲಿಸಿ ತಿರುಗಿಸಿರಬಹುದೆಂಬುದು ವಿದ್ವಾಂಸರ ಊಹೆಯಾಗಿದೆ. ಭಾಷೆಯೂ ಇಲ್ಲಿ ಒಂದು ಸುಳುಹನ್ನು ಕೊಡುತ್ತದೆ. ಕನ್ನಡದಲ್ಲಿ ಮಜ್ಜಿಗೆಯನ್ನು ಕಡೆಯುವುದಕ್ಕೂ, ಮರವನ್ನೋ ಕಲ್ಲನ್ನೋ ತಿರುಗಣಿಯಲ್ಲಿ ಕಡೆಯುವುದಕ್ಕೂ ಒಂದೇ ಧಾತು. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಒಮ್ಮೆ ಇತ್ತ ಒಮ್ಮೆ ಅತ್ತ ಎಳೆಯುವ ಗೃಹಿಣಿಯ ಕೈಯಲ್ಲಿಯೇ ಹಳೆಯ ತಿರುಗಣಿಯ ಯುಕ್ತಿಯೆಲ್ಲವೂ ಅಡಗಿದೆ. ಮರದಲ್ಲಿ ಈ ವಿದ್ಯೆಯು ಧಾರವಾಡದ ನೆರೆಯಲ್ಲಿಯೇ ಇಂದಿಗೂ ಜೀವಂತವಾಗಿದೆ. ಕಲಘಟಗಿಯ ಬಣ್ಣದ ತೊಟ್ಟಿಲುಗಳ ಕಡೆದ ಕೋಲುಗಳನ್ನು ಲಕ್ಕುಂಡಿಯ ಕಂಬದ ಪಕ್ಕದಲ್ಲಿಟ್ಟು ನೋಡಿದರೆ, ಅದೇ ಬಳೆ, ಅದೇ ಕುತ್ತಿಗೆ, ಅದೇ ಕಲಶ. ಕಲ್ಲಿನವರು ಮರದವರಿಂದ ಕಲಿತರೆಂಬುದು ಸಂಭವನೀಯವಾಗಿ ತೋರುತ್ತದೆ.

ತಿರುಗಣಿಯಿಂದ ಇಳಿದ ಕಂಬವು ದುಂಡಗಿರುತ್ತದೆ, ಮಿನುಗುವುದಿಲ್ಲ. ಮಿನುಗಬೇಕಾದರೆ ಒಪ್ಪವಿಡಬೇಕು. ‘ಒಪ್ಪ’ವು ಅಚ್ಚಗನ್ನಡದ ಮಾತು; ಸೊಬಗು, ಹೊಳಪು ಎರಡೂ ಅದರಲ್ಲಿವೆ. ‘ಸಾಣೆ’ಯು ಸಂಸ್ಕೃತದ ಶಾಣದಿಂದ ಬಂದುದು, ಅದರಲ್ಲಿ ತಿಕ್ಕುವುದೇ ಪ್ರಧಾನ. ಗಡಸು ರತ್ನಕ್ಕೆ ಸಾಣೆಯನ್ನು ಹಿಡಿಯುತ್ತಾರೆ, ಮೆತ್ತನೆಯ ಕಲ್ಲಿಗೆ ಒಪ್ಪವನ್ನಿಡುತ್ತಾರೆ ಎಂದು ವಿಂಗಡಿಸಿ ಹೇಳಿದರೆ ನಿಘಂಟುಕಾರರು ಒಪ್ಪದಿದ್ದರೂ ಕಸಬುದಾರರು ಒಪ್ಪಿಯಾರು.

ಒಪ್ಪವಿಡುವುದರ ತತ್ತ್ವವು ಸರಳವಾದುದು. ಕಲ್ಲಿನ ಮೇಲೆ ಅದಕ್ಕಿಂತ ಗಡಸಾದ ಪುಡಿಯನ್ನು ನೀರಿನೊಡನೆ ತಿಕ್ಕಿದರೆ ಉಬ್ಬುಗಳು ಸವೆದು ಗೀರುಗಳುಳಿಯುತ್ತವೆ. ಅದಕ್ಕಿಂತ ನಯವಾದ ಪುಡಿಯಿಂದ ಆ ಗೀರುಗಳನ್ನು ತೆಗೆದರೆ ಇನ್ನೂ ಸಣ್ಣ ಗೀರುಗಳುಳಿಯುತ್ತವೆ. ಹೀಗೆ ಇಳಿಯುತ್ತ ಇಳಿಯುತ್ತ, ಗೀರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದಾಗ ಬೆಳಕು ಚದರದೆ ಮರಳುತ್ತದೆ; ಅದೇ ಹೊಳಪು. ನಮ್ಮ ಕುರುಂದದ ಕಲ್ಲು, ಸಂಸ್ಕೃತದ ಕುರುವಿಂದ, ಈ ಕೆಲಸಕ್ಕೆ ಪ್ರಸಿದ್ಧವಾದುದು. ಯುರೋಪಿಯನ್ನರು ಆ ಖನಿಜದ ಹೆಸರನ್ನೇ ನಮ್ಮ ನುಡಿಗಳಿಂದ ಎರವಲು ಪಡೆದರು.

ಗಡಸು ಕಲ್ಲುಗಳಲ್ಲಿ ಈ ಕ್ರಮವು ನಿರಾತಂಕವಾಗಿ ನಡೆಯುತ್ತದೆ. ಗುಜರಾತದ ಖಂಭಾತದಲ್ಲಿ ಅಕೀಕಿನ ಮಣಿಗಳನ್ನು ಕುರುಂದದ ಪುಡಿ, ನೀರುಗಳೊಡನೆ ತೊಗಲಿನ ಚೀಲಕ್ಕೆ ತುಂಬಿ, ಇಬ್ಬರು ಎದುರುಬದುರಾಗಿ ಕುಳಿತು ದಿನಗಟ್ಟಲೆ ಆಚೆಗೊಮ್ಮೆ ಈಚೆಗೊಮ್ಮೆ ಉರುಳಿಸುತ್ತಿದ್ದರು. ಮಣಿಗೆ ಮಣಿಯು ಉಜ್ಜಿ ತಾನಾಗಿಯೇ ಹೊಳಪೇರುತ್ತಿತ್ತು. ಈಚಿನ ದಿನಗಳಲ್ಲಿ ಹವ್ಯಾಸಿಗಳು ಅದೇ ಚೀಲಕ್ಕೆ ಬದಲಾಗಿ ರಬ್ಬರಿನ ಪೀಪಾಯಿಯನ್ನು ವಿದ್ಯುಚ್ಛಕ್ತಿಯಿಂದ ವಾರಗಟ್ಟಲೆ ಉರುಳಿಸಿ, ನದಿಯ ಹರಳುಗಳನ್ನು ಗಾಜಿನಂತೆ ಮಾಡಿಕೊಳ್ಳುತ್ತಾರೆ. ನಮ್ಮ ನರ್ಮದೆಯು ಯಂತ್ರದ ಹಂಗಿಲ್ಲದೆ ಯುಗಯುಗಗಳಿಂದಲೂ ಮಾಡುತ್ತಿರುವ ಕೆಲಸವೂ ಇದೇ. ಬಾಣಲಿಂಗವು ಅದರ ಪ್ರಸಾದ.

ಮೆತ್ತನೆಯ ಕಲ್ಲನ್ನು ಅದೇ ಚೀಲಕ್ಕೋ ಪೀಪಾಯಿಗೋ ಹಾಕಿದರೆ ಆಗುವುದೇ ಬೇರೆ. ಗಡಸು ಕಲ್ಲುಗಳ ಜೊತೆಗೆ ಬಿದ್ದರೆ ಅದು ಜಜ್ಜಿಹೋಗುತ್ತದೆ. ತನ್ನ ಜಾತಿಯ ಜೊತೆಗೇ ಬಿದ್ದರೂ ಒಂದರ ಅಂಚು ಇನ್ನೊಂದನ್ನು ಗೀರುತ್ತದೆ. ದಪ್ಪ ಪುಡಿಯನ್ನು ಬಳಸುವಂತೆಯೇ ಇಲ್ಲ. ನದಿಗೆ ಬಿಟ್ಟರೆ ಬಾಣಲಿಂಗವಾಗುವುದಿರಲಿ, ಸವೆದು ಸವೆದು ಕೆಸರಿನಲ್ಲಿ ಕೂಡಿಹೋಗುತ್ತದೆ. ಆದುದರಿಂದ ಅನುಭವಶಾಲಿಗಳಾದ ಹವ್ಯಾಸಿಗಳು ಬಳಪದ ಕಲ್ಲನ್ನು ಯಂತ್ರಕ್ಕೆ ಒಪ್ಪಿಸುವುದೇ ಇಲ್ಲ. ಒದ್ದೆಯಾದ ಮರಳುಕಾಗದವನ್ನು ಹಿಡಿದು, ದಪ್ಪದಿಂದ ನಯಕ್ಕೆ ಹಂತಹಂತವಾಗಿ ಇಳಿಯುತ್ತ, ಕೈಯಿಂದಲೇ ಉಜ್ಜುತ್ತಾರೆ. ಪ್ರತಿಯೊಂದು ಹಂತದ ಕೊನೆಗೂ ಕಲ್ಲನ್ನೂ ಕೈಯನ್ನೂ ತೊಳೆದುಕೊಳ್ಳಬೇಕು. ಹಿಂದಿನ ಹಂತದ ಒಂದೇ ಒಂದು ಕಣವು ಬೆರಳಿನ ಸಂದಿಯಲ್ಲಿ ಉಳಿದಿದ್ದರೂ ಅಲ್ಲಿಯ ವರೆಗಿನ ದುಡಿಮೆಯು ವ್ಯರ್ಥವಾಗುತ್ತದೆ.

ಕಂಬದ ಕಲ್ಲಿನಲ್ಲಿ ಇನ್ನೆರಡು ತೊಡಕುಗಳಿವೆ. ಕ್ಲೋರೈಟ್ ಶಿಲೆಯು ಒಂದೇ ಹದದ ವಸ್ತುವಲ್ಲ. ಮೆತ್ತನೆಯ ಹಾಳೆಗಳ ನಡುವೆ ಗಡಸು ಕಣಗಳು ಅಲ್ಲಲ್ಲಿ ಹುದುಗಿರುತ್ತವೆ. ತಿಕ್ಕುವಾಗ ಮೆತ್ತನೆಯ ಭಾಗವು ಮೊದಲು ಸವೆದು ಗಡಸು ಕಣವು ಗುಬುಟಾಗಿ ನಿಲ್ಲುತ್ತದೆ. ಇಲ್ಲವೆ ಕಿತ್ತುಬಂದು, ತಿಕ್ಕುವ ಅರಿವೆಯ ಕೆಳಗೆ ಸಿಕ್ಕಿ, ಸಿದ್ಧವಾದ ಮೈಯ ಮೇಲೆ ಉದ್ದಕ್ಕೂ ಗೀರನ್ನು ಎಳೆಯುತ್ತದೆ. ಎರಡನೆಯದಾಗಿ, ಈ ಶಿಲೆಯು ಪದರುಪದರಾದುದು. ಪದರಿನ ಉದ್ದಕ್ಕೆ ತಿಕ್ಕಿದಾಗ ಒಂದು ಬಗೆಯಾಗಿಯೂ, ಪದರನ್ನು ಅಡ್ಡ ಕಡಿದಲ್ಲಿ ಇನ್ನೊಂದು ಬಗೆಯಾಗಿಯೂ ವರ್ತಿಸುತ್ತದೆ. ಚಪ್ಪಟೆಯಾದ ಹಲಗೆಯಲ್ಲಿ ಈ ಕಷ್ಟವನ್ನು ತಪ್ಪಿಸಿಕೊಳ್ಳಬಹುದು; ದುಂಡನೆಯ ಕಂಬದಲ್ಲಿ ಒಂದೇ ಸುತ್ತಿನೊಳಗೆ ಎರಡೂ ಎದುರಾಗುತ್ತವೆ. ಹೀಗಿದ್ದರೂ ಕಂಬದ ಸುತ್ತಲೂ ಹೊಳಪು ಒಂದೇ ಸಮನಾಗಿದೆಯೆಂದರೆ, ಒತ್ತುವ ಕೈಯು ಎಲ್ಲಿ ಬಿಗಿಯಬೇಕು ಎಲ್ಲಿ ಸಡಿಲಬೇಕು ಎಂಬುದನ್ನು ಬಲ್ಲುದಾಗಿತ್ತೆಂದೇ ಅರ್ಥ. ಇಂತಹ ಕೆಲಸವನ್ನು ‘ಕಲ್ಲು ಮೃದುವಾಗಿತ್ತು’ ಎಂದು ಒಂದೇ ಮಾತಿನಲ್ಲಿ ತೇಲಿಸಿಬಿಡುವುದು ಅನ್ಯಾಯವು. ಶಾಸನಗಳು ದಾನ ಮಾಡಿದವನನ್ನು ಹೆಸರಿಸುತ್ತವೆ, ಕೆಲವೆಡೆ ಕೆತ್ತಿದವನನ್ನೂ ಹೆಸರಿಸುತ್ತವೆ; ಉಜ್ಜಿದವನ ಕೈಗೆ ಹೆಸರು ದಕ್ಕಲಿಲ್ಲ.

ಈ ವಿದ್ಯೆಯು ಹೊಯ್ಸಳರ ನಾಡಿಗೆ ಹರಿದುಹೋದ ದಾರಿಯು ಸ್ಪಷ್ಟವಾಗಿದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಹೆಸರನ್ನು ಕೆತ್ತಿಕೊಂಡಿರುವ ದಾಸೋಜನೂ ಅವನ ಮಗ ಚಾವಣನೂ ಬಳ್ಳಿಗಾವೆಯವರು. ಬಳ್ಳಿಗಾವೆಯು ಚಾಲುಕ್ಯರ ಶಿಲ್ಪದ ತವರುಗಳಲ್ಲಿ ಒಂದು. ಒಪ್ಪದ ಪರಮಾವಧಿಯನ್ನು ಕಾಣಬೇಕೆನ್ನುವವರು ಮಾತ್ರ ಹಳೇಬೀಡಿಗೆ ಹೋಗಬೇಕು. ಹೊಯ್ಸಳೇಶ್ವರನ ಗುಡಿಯಿಂದ ತುಸು ದೂರದಲ್ಲಿರುವ ಪಾರ್ಶ್ವನಾಥ ಬಸದಿಯ ನವರಂಗವನ್ನು ಹೊಗಬೇಕು. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗನಾದ ಬೊಪ್ಪನು 1133ರಲ್ಲಿ ಕಟ್ಟಿಸಿದ ಈ ಬಸದಿಯ ಕಂಬಗಳಲ್ಲಿ ನೋಡುವವನ ಮುಖವು ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ; ಕಂಬದ ಉಬ್ಬುತಗ್ಗುಗಳಿಗನುಸಾರವಾಗಿ ಒಂದೆಡೆ ನೀಳವಾಗಿಯೂ ಇನ್ನೊಂದೆಡೆ ಕುಬ್ಜವಾಗಿಯೂ ತೋರುತ್ತದೆ. ಹೊರಗೋಡೆಯ ಮೂರ್ತಿಗಳಿಗೆ ಮನಸೋತು ಹಳೇಬೀಡಿನಿಂದ ಮರಳುವ ಪ್ರವಾಸಿಗಳಲ್ಲಿ ಅನೇಕರು ಈ ಬಸದಿಗೆ ಕಾಲಿಡುವುದೇ ಇಲ್ಲವೆಂಬುದು ವಿಷಾದದ ಸಂಗತಿ.

ಮೆತ್ತನೆಯ ಕಲ್ಲಿನ ಉಪಕಾರವು ಗುಡಿಗೆ ಮಾತ್ರ ಸಂದುದಲ್ಲ, ಅಕ್ಷರಕ್ಕೂ ಸಂದಿದೆ. ನುಣುಪು ಮಾಡಿದ ಹಲಗೆಗಲ್ಲಿನ ಮೇಲೆ ಉಳಿಯು ಲೇಖನಿಯಂತೆ ಹರಿಯುತ್ತದೆ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಕನ್ನಡದ ಲಿಪಿಯು ಪಡೆದ ದುಂಡುತನವೂ ಬೆಡಗೂ ಒರಟುಗಲ್ಲಿನ ಮೇಲೆ ಅರಳಲಾರದಾಗಿದ್ದವು. ಆ ಕಲ್ಲಿನ ಚೂರೇ ಬಳಪವಾಗಿ ಕಡತಗಳನ್ನು ಬರೆಯಿತು. ಇಂದು ಕಚೇರಿಯ ಕಾಗದಗಳ ಕಟ್ಟಿಗೆ ಸಲ್ಲುವ ಕಡತವೆಂಬ ಹೆಸರು ಹಿಂದೆ ವರ್ತಕರ ಲೆಕ್ಕದ ಬಟ್ಟೆಗೆ ಸಲ್ಲುತ್ತಿತ್ತು. ಹುಣಸೆಯ ಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಅರಿವೆಯನ್ನು ಪುಸ್ತಕದಂತೆ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಇಂತಹ ಹಳೆಯ ಕಡತಗಳು ಉಳಿದುಬಂದಿವೆ. ಹಲಗೆ ಬಳಪಗಳನ್ನು ಹಿಡಿಯದೆಯೇ ಕಾವ್ಯವನ್ನು ರಚಿಸಿದೆನೆಂಬುದು ಕುಮಾರವ್ಯಾಸನು ಹೇಳಿಕೊಂಡ ಹೆಮ್ಮೆಗಳಲ್ಲೊಂದು. ಬರೆದು ಅಳಿಸಿ ತಿದ್ದುವ ಅಗತ್ಯವೇ ಬೀಳಲಿಲ್ಲವೆಂಬುದು ಅದರ ಅಭಿಪ್ರಾಯ. ಅವನು ಕುಳಿತು ಹಾಡಿದನೆಂದು ಗದಗಿನ ವೀರನಾರಾಯಣನ ಗುಡಿಯಲ್ಲಿ ಇಂದಿಗೂ ತೋರಿಸುವುದು ಒಂದು ಕಂಬವನ್ನು! ಕೈಗೆ ಬಳಪವು ಬೇಡವಾದರೂ ಬೆನ್ನಿಗೆ ಕಲ್ಲು ಬೇಕಾಯಿತು.

ಅಡಿಗೆಮನೆಯನ್ನಂತೂ ಮರೆಯುವಂತಿಲ್ಲ. ಈ ಕಲ್ಲಿನಲ್ಲಿ ಕಡೆದ ಮರಿಗೆಗಳಲ್ಲಿ ಹುಳಿಯನ್ನೂ ಉಪ್ಪಿನಕಾಯಿಯನ್ನೂ ಇಡುವುದು ಹಿಂದಿನ ಮನೆಗಳ ರೂಢಿ. ಹುಣಸೆಯ ಹುಳಿಗೆ ಕಂಚು ತಾಮ್ರಗಳು ಕಿಲುಬುವಂತೆ ಈ ಕಲ್ಲು ಕೆಡುವುದಿಲ್ಲ. ಹೊಸ ಮರಿಗೆಗೆ ಎಣ್ಣೆಯನ್ನು ಸವರಿ, ಅದು ಹೀರಿದಂತೆ ಮತ್ತೆ ಸವರಿ ಪಳಗಿಸುತ್ತಿದ್ದ ಅಜ್ಜಿಯರು ಶಿಲ್ಪಶಾಸ್ತ್ರವನ್ನು ಓದಿದವರಲ್ಲದಿದ್ದರೂ ಕಲ್ಲಿನ ಮರ್ಮವನ್ನು ಬಲ್ಲವರಾಗಿದ್ದರು.

14ನೆಯ ಶತಮಾನದಲ್ಲಿ ವಿಜಯನಗರವು ತಲೆಯೆತ್ತಿದಾಗ ಕಾಲವು ಬದಲಾಯಿತು. ಹಂಪೆಯ ಸುತ್ತಲಿನ ಗುಡ್ಡಗಳೇ ಗ್ರಾನೈಟು. ಕೋಟೆಗೂ ಅದೇ, ಗುಡಿಗೂ ಅದೇ. ಆ ಕಲ್ಲಿನಲ್ಲಿ ಕುದುರೆಯೂ ಯಾಳಿಯೂ ಅಬ್ಬರದಿಂದ ಎದ್ದು ನಿಂತವು. ತಿರುಗಣಿಯ ನಯವು ಅಲ್ಲಿ ಸಲ್ಲಲಿಲ್ಲ, ಕಲ್ಲನ್ನು ಕಡೆಯುವ ಪರಂಪರೆಯು ಗುಡಿಗಳಿಂದ ಹಿಂದೆ ಸರಿಯಿತು.

ಧಾರವಾಡದ ಸೀಮೆಯ ಈ ಗುಡಿಗಳ ಛಾಯಾಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್, ಫರ್ಗ್ಯುಸನ್ ಇವರ ಬರವಣಿಗೆಯೊಡನೆ ಲಂಡನ್ನಿನಲ್ಲಿ ಪ್ರಕಟವಾದವು. ಹೆನ್ರಿ ಕಸಿನ್ಸನು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ಬರೆದ ದೊಡ್ಡ ಗ್ರಂಥವು 1926ರಲ್ಲಿ ಹೊರಬಿದ್ದಿತು. ಆ ಚಿತ್ರಗಳಲ್ಲಿ ಕಂಬದ ಆಕಾರವೆಲ್ಲವೂ ದೊರೆಯುತ್ತದೆ, ಒಪ್ಪವು ದೊರೆಯುವುದಿಲ್ಲ. ಅದನ್ನು ಕಂಬದ ಮೈಮೇಲೆಯೇ ಕಾಣಬೇಕು. ಎಂತಲೇ ಮೈಗೆ ಒದಗುವ ಹಾನಿಯು ಇಲ್ಲಿ ವಿಶೇಷವಾಗಿ ವಿಚಾರಿಸತಕ್ಕ ವಿಷಯವಾಗಿದೆ. ಪೂಜೆಯು ನಡೆಯುವ ಗುಡಿಗಳಲ್ಲಿ ಭಕ್ತರು ಹಬ್ಬಹಬ್ಬಕ್ಕೂ ಕಂಬಗಳಿಗೆ ಸುಣ್ಣವನ್ನೋ ಬಣ್ಣವನ್ನೋ ಬಳಿಯುವುದುಂಟು. ಕಡೆದ ಗೆರೆಗಳ ಸಂದುಗಳೆಲ್ಲ ಅದರಿಂದ ಮುಚ್ಚಿಹೋಗುತ್ತವೆ. ಆದರೂ ಸುಣ್ಣದ ಕೆಳಗೆ ಒಪ್ಪವು ಉಳಿದಿರಬಹುದು. ಅದನ್ನು ಕೆರೆದು ತೆಗೆಯುವ ಕಬ್ಬಿಣದ ಉಳಿಯ ಕೆಳಗೆ ಉಳಿಯಲಾರದು. ಮರಳನ್ನು ಗಾಳಿಯೊಡನೆ ರಭಸದಿಂದ ಚಿಮ್ಮಿಸಿ ಕಲ್ಲನ್ನು ತೊಳೆಯುವ ಯಂತ್ರವು ಇನ್ನೂ ಘೋರವಾದುದು. ಮರಳಿನ ಗಡಸುತನವು ಏಳು, ಕಂಬದ್ದು ಎರಡೂವರೆ. ದೀಪದ ಎಣ್ಣೆಯನ್ನು ಕಂಬಕ್ಕೆ ಒರಸಿದಾಗ ಬರುವ ಕರಿಯ ಮಿನುಗನ್ನು ಒಪ್ಪವೆಂದು ಭ್ರಮಿಸುವವರೂ ಉಂಟು. ಅದು ಧೂಳನ್ನು ಹಿಡಿದು ವರ್ಷದೊಳಗೆ ಜಿಡ್ಡಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಹಾನಿಯು ಮೊಳೆಯನ್ನೋ ಕೀಲಿಕೈಯನ್ನೋ ಹಿಡಿದು ಹೆಸರು ಗೀಚುವ ಹುಡುಗರಿಂದ. ಉಣಕಲ್ಲಿನ ಚಂದ್ರಮೌಳೀಶ್ವರನಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ, ಸುತ್ತಲೂ ಒತ್ತೊತ್ತಾಗಿ ಮನೆಗಳಿವೆ. ಇಂತಹ ಗುಡಿಯನ್ನು ಕಾಯುವವರು ಓಣಿಯವರೇ ಆಗಬೇಕು, ಕೆಡಿಸಿದರೂ ಅವರೇ ಕೆಡಿಸಬೇಕು. ಮೆತ್ತನೆಯ ಕಲ್ಲಿನಲ್ಲಿ ಹೆಸರು ಗೀಚುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಅದನ್ನು ಅಳಿಸಬೇಕಾದರೆ ಸುತ್ತಲಿನ ಮೈಯನ್ನೆಲ್ಲ ಆ ಗೀರಿನ ಆಳಕ್ಕೆ ಇಳಿಸಿ ಮತ್ತೆ ಒಪ್ಪವಿಡಬೇಕು. ಹಾಗೆ ಇಳಿಸಿದರೆ ತಿರುಗಣಿಯ ಗೆರೆಗಳು ಹೋಗುತ್ತವೆ. ಕಂಬವನ್ನು ಮತ್ತೆ ಕಿತ್ತು ತಿರುಗಿಸುವಂತಿಲ್ಲ.